ಅರ್ಧ ಬೀಡಿ

ಕಡ್ಡಿಪೆಟ್ಟಿಗೆ ಸಿಕ್ಕಿತು, ಹೆಸರು ಸಿಗಲಿಲ್ಲ. ಫೂಲಿಬಾಯಿ ಎದ್ದಾಗಿನಿಂದ ಎರಡನ್ನೂ ಹುಡುಕುತ್ತಿದ್ದಳು. ಕಡ್ಡಿಪೆಟ್ಟಿಗೆಯನ್ನು ಬಚ್ಚಿಟ್ಟವಳು ತಾನೇ ಎಂಬುದು ನೆನಪಿತ್ತು, ಎಲ್ಲಿ ಎಂಬುದು ಇರಲಿಲ್ಲ; ಹೆಸರನ್ನು ಬಚ್ಚಿಟ್ಟವರು ಯಾರೆಂಬುದೇ ತಿಳಿಯಲಿಲ್ಲ. ದಿಂಬಿನ ಕೆಳಗೆ ನೋಡಿದಳು. ಗೋವಿನಜೋಳದ ಚೀಲಗಳ ಸಂದಿಗೆ ಕೈ ಹಾಕಿ, ಇಲಿಯ ಹಿಕ್ಕೆ ತಾಗಿ, ಕೈ ಒರೆಸಿಕೊಂಡಳು. ಹುಡುಕುತ್ತ ಹುಡುಕುತ್ತ ಏನನ್ನು ಹುಡುಕುತ್ತಿದ್ದೇನೆ ಎಂಬುದೇ ಮರೆತು ಕೋಣೆಯ ನಡುವೆ ನಿಂತಳು. ಹಾಗೆ ನಿಂತದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಆ ಸಿಟ್ಟಿನ ಬಿಸಿಗೆ ಮತ್ತೆ ನೆನಪಾಯಿತು. ಕೊನೆಗೆ ಗೋಡೆಯ ಮೊಳೆಗೆ ತೂಗಿದ ಹಳೆಯ ಲಂಗದ ಅಂಚಿನಲ್ಲಿ, ಕನ್ನಡಿ ಚೂರು ಕೂಡಿಸಿ ಹೊಲಿದ ಪಟ್ಟಿಯ ಹಿಂದೆ, ಅದು ಗಲಗಲ ಎಂದಿತು. ಕಡ್ಡಿಗಳಿದ್ದವು. ಬೀಡಿ ಇರಲಿಲ್ಲ. ಬೀಡಿಗಳನ್ನು ಸೊಸೆ ತುಳಜಾ ದೀಪಾವಳಿಗೆ ಮನೆ ಸಾರಿಸುವ ನೆಪದಲ್ಲಿ ಒಂದೊಂದೇ ಬಿಲದಿಂದ ಎಳೆದು ತೆಗೆದು ಬಚ್ಚಲ ಒಲೆಗೆ ಹಾಕಿದ್ದಳು. ಅವು ಕಟ್ಟುಕಟ್ಟಾಗಿ ಉರಿಯುವಾಗ ಫೂಲಿಬಾಯಿ ಬಚ್ಚಲ ಗೋಡೆಯ ಹೊರಗೆ, ಹೊಗೆ ಬರುವ ಕಿಂಡಿಗೆ ಮೂಗು ಕೊಟ್ಟು, ಹಾಲಿನ ವಾಸನೆಗೆ ಬಂದ ಬೆಕ್ಕಿನಂತೆ ನಿಂತಿದ್ದಳು. ನಿಂತದ್ದನ್ನು ತುಳಜಾ ನೋಡಿದ್ದಳು. ನೋಡಿಯೂ ಏನೂ ಅನ್ನದೆ ಒಳಗೆ ಹೋಗಿದ್ದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಹೆಸರು ಅವನದು. ಮಗ ದೇವರಾಜನ ಅಪ್ಪನದು. ಅವನು ತೀರಿಕೊಂಡು ಕೆಲವು ಮಳೆಗಾಲ ಕಳೆದಿವೆ, ಆದರೆ ಮುಖ ಇನ್ನೂ ಇದೆ. ಬಲಗಿವಿಯ ತುದಿ ಸೀಳಿದ್ದು, ಮೀಸೆಯ ನಡುವೆ ಬೀಡಿಯ ಹೊಗೆಗೆ ಹಳದಿಯಾದ ಪಟ್ಟೆ, ನಗುವಾಗ ಮೊದಲು ಭುಜ ಅಲುಗಿ ಆಮೇಲೆ ಬಾಯಿ ತೆರೆಯುವುದು, ಎಲ್ಲವೂ ಇದ್ದಲ್ಲೇ ಇವೆ. ಮನೆ ಇದೆ, ಬಾಗಿಲಿದೆ, ಬಾಗಿಲ ಮೇಲಿನ ಹೆಸರು ಮಾತ್ರ ಅಳಿಸಿದೆ. ಅವಳು ಆ ಹೆಸರನ್ನು ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ. ಈ ಲಂಬಾಣಿ ತಾಂಡಾದಲ್ಲಿ ಅವಳ ಕಾಲದ ಯಾವ ಹೆಂಗಸೂ ಗಂಡನ ಹೆಸರು ಹೇಳಿದವಳಲ್ಲ. ಈಗಿನ ತುಳಜಾ ಮೊಬೈಲಿನಲ್ಲಿ ದೇವರಾಜ, ಬರೂವಾಗ ಉಳ್ಳಾಗಡ್ಡಿ ತಗೊಂಡ ಬಾ ಎಂದು ಗಂಡನನ್ನು ಎಮ್ಮೆ ಕರೆದಂತೆ ಕರೆಯುತ್ತಾಳೆ. ಅದು ಬೇರೆ ಕಾಲ. ಫೂಲಿಬಾಯಿ ಮಾವನ ಹೆಸರನ್ನೂ ಹೇಳಿದವಳಲ್ಲ. ಆದರೆ ಮಾವನ ಹೆಸರು ಒಳಗೆ ಇದೆ. ಠಾಕ್ರು. ತುಟಿ ಮುಚ್ಚಿಕೊಂಡು ನೋಡಿದರೂ ಕಾಣುತ್ತದೆ, ಬಾವಿಯ ತಳದಲ್ಲಿ ಬಿದ್ದ ತಂಬಿಗೆಯ ಹಾಗೆ. ಪಕ್ಕದ ಬಾವಿಗೆ ಬಗ್ಗಿದರೆ ನೀರು ಮಾತ್ರ.

ಇದು ಗೊತ್ತಾದದ್ದು ಮುಂಡಗೋಡದ ಡಾಕ್ಟರನ ಎದುರು. ಇನ್ನೂ ಮೀಸೆ ಸರಿಯಾಗಿ ಬಲಿಯದ ಡಾಕ್ಟರು, ಘಟ್ಟದ ಕೆಳಗಿನ ಕಡೆಯವನಿರಬೇಕು, ಅಜ್ಜಿ ಅಜ್ಜಿ ಎಂದು ಮಾತನಾಡಿಸಿದ. ಇವತ್ತು ಯಾವ ವಾರ ಎಂದು ಕೇಳಿದ. ಹೇಳಿದಳು. ಮೂರು ಸಾಮಾನಿನ ಹೆಸರು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳಿದ. ಎರಡು ಹೇಳಿದಳು, ಮೂರನೆಯದಕ್ಕೆ, ಅದು ನಿನ್ನ ಸಾಮಾನು, ನೀನೇ ಇಟ್ಟುಕೋ ಎಂದಳು. ಅವನು ನಕ್ಕ. ಆಮೇಲೆ ಗಂಡನ ಹೆಸರೇನು ಎಂದ. ಫೂಲಿಬಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಹೊಸ ಮದುವಣಗಿತ್ತಿಯ ಹಾಗೆ ಆ ವಯಸ್ಸಿನಲ್ಲಿ ಕೆನ್ನೆ ಬಿಸಿಯಾಯಿತು. ಡಾಕ್ಟರು ಇನ್ನೊಮ್ಮೆ ಕೇಳಿದ. ಪಕ್ಕದಲ್ಲಿ ಕೂತ ತುಳಜಾ, ಹೇಳು ಯಾಡಿ, ಇಲ್ಲಿ ಹೇಳಿದರೆ ನಡೀತೈತಿ ಎಂದಳು. ಯಾಡಿ ಎಂದರೆ ತಾಂಡಾದಲ್ಲಿ ಅವ್ವ. ತುಳಜಾ ಯಾವಾಗ ಸಿಟ್ಟಿನಲ್ಲಿರುತ್ತಾಳೋ ಆವಾಗ ಆ ಶಬ್ದವನ್ನು ಹೆಚ್ಚು ಮೆತ್ತಗೆ ಹೇಳುತ್ತಾಳೆ. ಫೂಲಿಬಾಯಿ ತಲೆಯಲ್ಲಾಡಿಸಿದಳು. ಡಾಕ್ಟರು ಏನೋ ಬರೆದುಕೊಂಡ. ಅವನ ಪೆನ್ನು ಓಡುವುದನ್ನು ನೋಡುತ್ತ ಅವಳಿಗೆ ಒಳಗೊಳಗೇ ಗೆಲುವು: ಬರಿ ಮಗನೇ, ಮರೆತಾಳೆ ಅಂತ ಬರಿ, ನಾನು ಹೇಳದೆ ಬಿಟ್ಟದ್ದು ನಿನಗೇನು ಗೊತ್ತು. ಆ ಗೆಲುವಿನಲ್ಲೇ, ಹೇಳದೆ ಬಿಟ್ಟದ್ದನ್ನು ಒಮ್ಮೆ ತಾನೊಬ್ಬಳೇ ನೋಡಿಕೊಳ್ಳೋಣ ಎಂದು ಒಳಗೆ ಕೈ ಹಾಕಿದಳು. ಗೂಡು ಖಾಲಿ. ಮತ್ತೆ ಹಾಕಿದಳು. ಖಾಲಿ. ಡಾಕ್ಟರು ಆಗ ತುಳಜಾಳಿಗೆ ವಿವರಿಸುತ್ತಿದ್ದ: ಇಷ್ಟು ವರ್ಷದ ಬೀಡಿ, ತಲೆಗೆ ರಕ್ತ ಒಯ್ಯುವ ನಾಳಗಳು ಕಿರಿದಾಗಿವೆ, ಹೋದದ್ದು ತಿರುಗಿ ಬರುತ್ತದೆಂದು ಹೇಳಲಾರೆ, ಬಿಟ್ಟರೆ ಉಳಿದದ್ದಾದರೂ ಬೇಗ ಹೋಗಲಿಕ್ಕಿಲ್ಲ. ಅವನ ಮಾತು ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ. ಒಲೆಯ ಮೇಲಿನ ಬಿದಿರು ಜಂತಿ ಹೊಗೆಗೆ ಕಪ್ಪಾಗುವುದನ್ನು ಕಂಡವಳು ತಲೆಯೊಳಗಿನ ಜಂತಿ ಕಪ್ಪಾಗಿದೆ ಎಂದರೆ ಯಾಕೆ ನಂಬಬಾರದು. ಸಿಟ್ಟು ಬಂದದ್ದು ಬೇರೆಯದಕ್ಕೆ. ಅವಳ ಎದುರೇ, ಅವಳು ಅಲ್ಲಿ ಇಲ್ಲವೆಂಬಂತೆ, ಹೋದದ್ದು ಉಳಿದದ್ದು ಎಂದು ಪಾಲು ಮಾಡುತ್ತಿದ್ದರಲ್ಲ, ಅದಕ್ಕೆ.

ಯಾರನ್ನಾದರೂ ಕೇಳಬಹುದಿತ್ತು. ಕೇಳುವುದು ಸಾಯುವುದಕ್ಕಿಂತ ಕಷ್ಟ. ರೇಷನ್ ಕಾರ್ಡಿನಲ್ಲಿ ಇದ್ದೀತು, ಅಕ್ಷರ ಅವಳಿಗೆ ಇರುವೆಯ ಸಾಲು. ಆದರೆ ಇವತ್ತು ಪಾಡ್ಯ. ತಾಂಡಾದ ಮನೆಮನೆಯಲ್ಲೂ ಇವತ್ತು ಹಿರಿಯರ ದಿನ. ಒಲೆಯಿಂದ ಕೆಂಡ ಎಳೆದು, ಸಾರಿಸಿದ ನೆಲದ ಮೇಲೆ ಹರವಿ, ಬೆಲ್ಲದ ಅನ್ನ ತುಪ್ಪ ಹಾಕಿ, ಸತ್ತವರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಕೆಂಡದ ಮೇಲೆ ಉರಿ ಎದ್ದರೆ ಅವರು ಬಂದು ಉಂಡರು ಎಂದು ಲೆಕ್ಕ. ಕೈಯಾರೆ ಹಾಕುವವನು ದೇವರಾಜ, ಆದರೆ ಹಳೆಯ ಹೆಸರುಗಳಿರುವುದು ಫೂಲಿಬಾಯಿಯ ಬಾಯಲ್ಲಿ. ಗಂಡುಮಕ್ಕಳೆಲ್ಲ ಕಬ್ಬು ಕಡಿಯಲು ಹೋದ ಒಂದು ದೀಪಾವಳಿಗೆ ಮಾವ ಸೊಸೆಯಾದ ಅವಳನ್ನೇ ಎದುರು ಕೂರಿಸಿಕೊಂಡು ಎಲ್ಲವನ್ನೂ ಒಪ್ಪಿಸಿದ್ದ. ಅವಳು ಒಂದೊಂದು ಹೆಸರು ಎತ್ತಿಕೊಡುತ್ತಾಳೆ, ಮಗ ಕೂಗಿ ಕರೆದು ತುಪ್ಪ ಬಿಡುತ್ತಾನೆ. ಮಾವನ ಹೆಸರು, ಗಂಡನ ಹೆಸರು ಬಂದಾಗ ಅವಳು ಸುಮ್ಮನಾಗುತ್ತಾಳೆ, ಮಗ ತಾನೇ ಕರೆಯುತ್ತಾನೆ. ವರ್ಷಕ್ಕೊಮ್ಮೆ ಈ ಮನೆಯಲ್ಲಿ ಆ ಹೆಸರು ಬಾಯಿಬಿಟ್ಟು ಹೇಳುವುದು ಇವತ್ತೇ. ಒಲೆಯ ಮುಂದೆ ಕೂತು ಕಿವಿ ತೆರೆದಿಟ್ಟರೆ ಸಾಕು. ಕದ್ದು ತಂದಿಟ್ಟುಕೊಂಡರೆ ಆಮೇಲೆ ಯಾವ ಡಾಕ್ಟರು ಬಂದರೂ ಅವಳು ಹೇಳದೆ ಬಿಟ್ಟದ್ದು ನಿಜವಾಗಿಯೂ ಹೇಳದೆ ಬಿಟ್ಟದ್ದೇ ಆಗುತ್ತದೆ.

ಅಂಗಳದಲ್ಲಿ ತುಳಜಾ ಸಗಣಿಯಿಂದ ನೆಲ ಸಾರಿಸುತ್ತಿದ್ದಳು, ಎಡಗೈಯಿಂದ. ಬಲಗೈಯ ಅಂಗೈ ಇನ್ನೂ ಗುಲಾಬಿ ಬಣ್ಣಕ್ಕೆ ಮಿನುಗುತ್ತಿತ್ತು, ಚರ್ಮ ಬಿಗಿದು ಬೆರಳು ಪೂರ್ತಿ ಚಾಚುತ್ತಿರಲಿಲ್ಲ. ಫೂಲಿಬಾಯಿ ಅತ್ತ ನೋಡಬಾರದೆಂದು ಆಕಾಶ ನೋಡಿದಳು, ತುಳಸಿ ನೋಡಿದಳು, ಕೊನೆಗೆ ಅಲ್ಲೇ ನೋಡಿದಳು. ಎಷ್ಟೆಲ್ಲ ಮರೆಯುತ್ತದೆ, ಇದೊಂದು ಮರೆಯಬಾರದೇ. ಮಧ್ಯಾಹ್ನ ಊಟ ಮಾಡಿ ಕೌದಿಯ ಮೇಲೆ ಅಡ್ಡಾಗಿದ್ದಳು, ಬೆರಳ ಸಂದಿಯಲ್ಲಿ ಬೀಡಿ ಇತ್ತು, ಆಮೇಲೆ ಬೆರಳ ಸಂದಿಯಲ್ಲಿ ಬೀಡಿ ಇರಲಿಲ್ಲ. ನಡುವೆ ಏನಾಯಿತೋ ಆ ತುಂಡೇ ಇಲ್ಲ. ಕಣ್ಣು ಬಿಟ್ಟಾಗ ತುಳಜಾ ಮಂಡಿಯೂರಿ ಬರಿಗೈಯಿಂದ ಕೌದಿ ಬಡಿಯುತ್ತಿದ್ದಳು. ನೀರಿನ ಕೊಡ ನಾಲ್ಕು ಮಾರು ಆಚೆ ಇತ್ತು, ತರಬಹುದಿತ್ತು. ಆ ಕೌದಿಯಲ್ಲಿ ಅವನ ಧೋತರದ ತುಂಡುಗಳಿದ್ದವು, ಅದು ಸೊಸೆಗೆ ಗೊತ್ತಿತ್ತು. ಬೆಂಕಿ ಆರಿದ ಮೇಲೆ ತುಳಜಾ ಅಂಗೈ ಊದಿಕೊಳ್ಳುತ್ತ, ಬಾನಿಗೆ ಏನೂ ಆಗಿಲ್ಲ ಎಂದು ಕೌದಿಯ ಆ ಬಿಳಿ ತುಂಡನ್ನು ತೋರಿಸಿದ್ದಳು. ಬಾ ಎಂದರೆ ಅಪ್ಪ; ಮಾವನನ್ನು ಅವಳು ಹಾಗೆಯೇ ಕರೆಯುತ್ತಿದ್ದಳು. ಫೂಲಿಬಾಯಿ ಆಗ ಅಂದದ್ದು, ಯಾರಿಗೂ ಹೇಳಬಾರದಂಥ ಮಾತು: ನಿನಗ್ಯಾರು ಬಡಿ ಅಂದರು. ನಾಚಿಕೆಯಲ್ಲಿ ಬಾಯಿ ಯಾವಾಗಲೂ ಬೈಗುಳವನ್ನೇ ಹುಡುಕುತ್ತದೆ.

ಹಳಿಯಾಳದ ಕಡೆ ಕಬ್ಬು ಆಳೆತ್ತರಕ್ಕಿಂತ ಮೇಲೆ. ಒಳಗೆ ಹೋದರೆ ಪಕ್ಕದ ಸಾಲಿನವರು ಕಾಣರು. ಎಲೆಯ ಅಲಗು ಮುಖ ಕೊಯ್ಯುತ್ತದೆ, ಬೆಳಗಿನ ಚಳಿಗೆ ಕತ್ತಿಯ ಹಿಡಿ ಕೈಗೆ ಅಂಟುತ್ತದೆ. ಆಗ ಗಂಡ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ, ಅಂದರೆ ಮುಖಂಡ; ಎಲ್ಲರಿಗಿಂತ ಮುಂದೆ. ಹೆಸರು ಹಿಡಿದು ಕರೆಯುವಂತಿಲ್ಲ, ಏ ಎಂದು ಕರೆದರೆ ಹತ್ತು ಗಂಡಸರು ತಿರುಗುತ್ತಾರೆ. ಅವಳು ಕೆಮ್ಮುತ್ತಿದ್ದಳು. ಒಂದು ಗಿಡ್ಡ ಕೆಮ್ಮು, ಅದರ ಬಾಲಕ್ಕೆ ಇನ್ನೊಂದು. ಅತ್ತ ಕಬ್ಬಿನ ಒಳಗಿಂದ ಅವನು ಕತ್ತಿಯ ಹಿಡಿಯನ್ನು ಒಂದು ಕಬ್ಬಿಗೆ ಟಕ್ ಎಂದು ಬಡಿಯುತ್ತಿದ್ದ, ಬಂದೆ ಎಂದರ್ಥ. ಬರುವಾಗ ಬಾಯಲ್ಲಿ ಬೀಡಿ. ಅರ್ಧ ಸೇದಿರುತ್ತಿದ್ದ. ಎದುರು ನಿಂತು, ಮಾತಿಲ್ಲ ಕತೆಯಿಲ್ಲ, ಉಳಿದರ್ಧವನ್ನು ಅವಳ ಬೆರಳಿಗೆ ದಾಟಿಸುತ್ತಿದ್ದ. ಅವನ ಎಂಜಲಿಗೆ ಒದ್ದೆಯಾದ ತುದಿ ಬೆಚ್ಚಗಿರುತ್ತಿತ್ತು. ಆ ಬೆಚ್ಚಗಿನ ತುದಿಯಲ್ಲಿ ಅವನು ಹೇಳಬೇಕಾದದ್ದೆಲ್ಲ ಇರುತ್ತಿತ್ತು: ಚಳಿ ಇದೆ, ಕೈ ಕೊಯ್ದುಕೊಂಡೆಯಾ, ದೇವರಾಜ ಹೊಟ್ಟೆಯಲ್ಲಿ ಒದೆಯುತ್ತಾನಾ. ಅವನು ಇಡೀ ಬೀಡಿ ಸೇದಿದ್ದನ್ನು ಅವಳು ನೋಡಿಲ್ಲ. ಕೊನೆಗೆ ಎದೆಯೆಲ್ಲ ಗೊರಗೊರ ಎನ್ನುವಾಗಲೂ ಅರ್ಧ ಸೇದಿ ಕೈ ಚಾಚಿದ್ದ, ಅವಳು ಇಲ್ಲದ ದಿಕ್ಕಿಗೆ.

'ಕಾಕಿ, ಕಡ್ಡಿಪೆಟಗಿ ಹಿಡಕೊಂಡು ಯಾರ ಮನಿ ಸುಡಾಕ ಹೊಂಟೀದಿ?'

ಹರೀಶ. ಗಂಡನ ಅಣ್ಣನ ಮಗ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ಪಾಡ್ಯಕ್ಕೆ ತಪ್ಪದೆ ಬರುವವನು. ಅಂಗಿಯ ಕಿಸೆಯಲ್ಲಿ ಒಂದೇ ಒಂದು ಬೀಡಿಯ ತುದಿ ಇಣುಕುತ್ತಿತ್ತು. ಫೂಲಿಬಾಯಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಕಣ್ಣನ್ನು ಎಳೆದುಕೊಳ್ಳಲು ಆಗಲಿಲ್ಲ. ಇದು ನಿನ್ನದಲ್ಲ, ಕಾಕಾನ ಎಡೆಗೆ, ತುಳಜಾ ಕಟ್ಟು ತರಬೇಡ ಒಂದೇ ತಾ ಅಂತ ಫೋನು ಮಾಡಿದ್ದಾಳೆ ಎಂದು ಅವನು ಕಿಸೆಯ ಮೇಲೆ ಕೈ ಇಟ್ಟುಕೊಂಡ. ಸತ್ತವರಿಗೆ ಅವರು ಇಷ್ಟಪಟ್ಟದ್ದನ್ನು ಇಡುವುದು ಪದ್ಧತಿ, ಆದರೆ ಸತ್ತವರ ಬೀಡಿಗೂ ಕಾವಲು ಹಾಕುವ ಕಾಲ ಬಂದಿತ್ತು. ಅವಳಿಗೆ ಬೀಡಿಗಿಂತ ದೊಡ್ಡ ಆಸೆ ಹುಟ್ಟಿತು. ಇವನಿಂದಲೇ ಹೆಸರು ಹೊರಡಿಸಿಬಿಟ್ಟರೆ. ದನ ಹೊಡೆದಂತೆ ಮಾತನ್ನು ನಿಧಾನ ಆ ಕಡೆ ಹೊಡೆದಳು. ಹಳಿಯಾಳದ ಕಡೆ ನಿಮ್ಮ ಕಾಕಾನ ಹೆಸರು ಈಗಲೂ ಯಾರಾದರೂ ತೆಗೆಯುತ್ತಾರೇನೋ ಎಂದು ಕೇಳಿದಳು.

'ತಗಿಯೂದಂದ್ರೇನು. ಮುಕಾದಮ ಅಂದ್ರ ಸಾಕು, ಫ್ಯಾಕ್ಟರಿ ಗೇಟಿನ ಮಂದಿನೂ ಎದ್ದು ನಿಂದರ್ತಾರ.'

'ಮುಕಾದಮ ಊರಿಗೆ ಹತ್ತು ಮಂದಿ ಇರ್ತಾರ. ಹೆಸರು ತಗೀತಾರೇನಂದೆ.'

ಹರೀಶ ಅವಳನ್ನು ಒಂದು ಕ್ಷಣ ಹೆಚ್ಚು ನೋಡಿದ. ಆಮೇಲೆ ನಕ್ಕ. ನೀನೇ ತೆಗೆಯಂಗಿಲ್ಲ, ಊರ ಮಂದಿ ಯಾಕೆ ತೆಗೆದಾರು ಕಾಕಿ ಎಂದು ಒಳಗೆ ಹೋದ. ಅವನ ಆ ಒಂದು ಕ್ಷಣದ ನೋಟ ಅವಳ ಬೆನ್ನಿಗೆ ಮುಳ್ಳಿನಂತೆ ಅಂಟಿಕೊಂಡಿತು. ಗೊತ್ತಾಯಿತೇ ಇವನಿಗೆ. ಗೊತ್ತಾಗಲಿ. ಗೊತ್ತಾದರೆ ಏನು ಕಿತ್ತುಕೊಳ್ಳುತ್ತಾರೆ, ಬೀಡಿ ಕಿತ್ತುಕೊಂಡಾಯಿತು, ಒಬ್ಬಳೇ ಹೊಳೆಗೆ ಹೋಗುವುದನ್ನು ಬಿಡಿಸಿಯಾಯಿತು, ಸೊಸೈಟಿಗೆ ಹೋಗಿ ಹೆಬ್ಬೆಟ್ಟು ಒತ್ತುವುದೂ ಈಗ ದೇವರಾಜನದೇ. ಎಂದುಕೊಂಡು ಒಳಗೆ ಬಂದರೆ ಕಿತ್ತುಕೊಳ್ಳಲು ಇನ್ನೊಂದು ಉಳಿದಿತ್ತು. ಒಲೆಯ ಎದುರು ಅವಳ ಮಣೆ ಇರಲಿಲ್ಲ. ಅದನ್ನು ಗೋಡೆಯ ಬದಿಗೆ, ಅಕ್ಕಿ ಡಬ್ಬಿಯ ಪಕ್ಕಕ್ಕೆ ಹಾಕಿದ್ದರು.

ಮಣೆ ಯಾರು ಸರಿಸಿದರು ಎಂದಳು. ನಾನೇ ಎಂದಳು ತುಳಜಾ, ತುಪ್ಪದ ಬಟ್ಟಲು ಒರೆಸುತ್ತ. ಬೆಂಕಿಯ ಹತ್ತಿರ ಬೇಡ, ಲಂಗದ ಘೇರು ದೊಡ್ಡದು, ಅಲ್ಲಿಂದಲೇ ಹೆಸರು ಹೇಳಿದರೆ ದೇವರಾಜನಿಗೆ ಕೇಳುತ್ತದೆ ಎಂದಳು. ಎಲ್ಲವೂ ಸರಿಯಾದ ಮಾತು. ಸರಿಯಾದ ಮಾತಿನ ಎದುರು ಫೂಲಿಬಾಯಿಗೆ ಯಾವತ್ತೂ ಮೈ ಉರಿಯುತ್ತದೆ. ಗೋಡೆಯ ಬದಿಯಿಂದ ಕೆಂಡ ಕಾಣುವುದಿಲ್ಲ, ಮಗನ ಬೆನ್ನು ಕಾಣುತ್ತದೆ. ಬೆನ್ನು ತಿರುಗಿಸಿ ಹೇಳಿದ ಹೆಸರು ಬೆಂಕಿಗೆ ಕೇಳಿಸೀತು, ಅವಳ ಈ ಕಿವಿಗೆ ಕೇಳಿಸಲಿಕ್ಕಿಲ್ಲ. ಅವಳು ಹೋಗಿ ಮಣೆಯನ್ನು ಎತ್ತಿ ತಂದು ಒಲೆಯ ಎದುರು ಧಪ್ಪೆಂದು ಇಟ್ಟು ಕೂತಳು.

'ಯಾಡಿ, ನಾ ಸಿಟ್ಟಿಲೆ ಹೇಳಾಕತ್ತಿಲ್ಲ.'

'ಸಿಟ್ಟಿಲೆ ಹೇಳು. ನೀ ಮೆತ್ತಗ ಮಾತಾಡಿದ್ರ ನಾ ಸತ್ತಂಗ ಆಗತೈತಿ.'

ತುಳಜಾ ಬಟ್ಟಲು ಕೆಳಗಿಟ್ಟಳು. ಬಹಳ ದಿನದಿಂದ ಅಂಗೈಯಲ್ಲಿ ಮುಚ್ಚಿಟ್ಟುಕೊಂಡದ್ದನ್ನು ಬಿಡಿಸಿ ತೋರಿಸಿದ ಹಾಗೆ ಬಂತು ಅವಳ ಮಾತು. 'ಹಂಗಾದ್ರ ಕೇಳು. ಬಾನ ಎದಿ ತಿಂದದ್ದು ಇದ ಬೀಡಿ. ಈಗ ನಿನ್ನ ತಲಿ ತಿನ್ನಾಕತ್ತೈತಿ. ಡಾಕ್ಟರ ಮುಂದ ನೀ ಬಾನ ಹೆಸರ ಹೇಳಲಿಲ್ಲ. ನಾಚಿಕಿಲೆ ಅಂತ ದೇವರಾಜ ಅಂತಾನ. ನಾ ನಿನ್ನ ಕಣ್ಣ ನೋಡೇನಿ ಯಾಡಿ. ಅದು ನಾಚಿಕಿ ಅಲ್ಲ.'

ಬಾಗಿಲಲ್ಲಿ ದೇವರಾಜ ಮಿಂದು ಒದ್ದೆ ತಲೆಯಲ್ಲಿ ನಿಂತಿದ್ದ. ಬೆಳಕಿಗೆ ಬೆನ್ನಾಗಿ ನಿಂತವನ ಕಿವಿಯ ತುದಿ ನೋಡಿದಳು ಫೂಲಿಬಾಯಿ, ಸೀಳಿರಲಿಲ್ಲ, ಹಾಗಾದರೆ ಮಗ. ಅವನು ಹೆಂಡತಿಯನ್ನು ಗದರಲಿಲ್ಲ, ತಾಯಿಯನ್ನೂ ನೋಡಲಿಲ್ಲ. ಬಂದು ಕೂತು ಇಕ್ಕಳದಿಂದ ಕೆಂಡ ಎಳೆದು ಹರವತೊಡಗಿದ. ಹರೀಶ ಬೀಡಿಯನ್ನು ಎಡೆಯ ಎಲೆಯ ಮೇಲೆ, ಬೆಲ್ಲದ ಅನ್ನದ ಪಕ್ಕದಲ್ಲಿ ಇಟ್ಟ. ಇಡಿಯ ಬೀಡಿ, ದಾರ ಬಿಗಿದದ್ದು, ಹೊಚ್ಚ ಹೊಸದು. ಅವಳು ಅದನ್ನು ನೋಡಿದಳು. ತಪ್ಪಿದೆ ಇದರಲ್ಲಿ ಎಂದು ಅನ್ನಿಸಿತು. ಏನು ತಪ್ಪೆಂದು ಆಗ ಹೊಳೆಯಲಿಲ್ಲ.

ತುಳಜಾ ಬೆಂಕಿಗೆ ಅಂಜಿ ಕಟ್ಟಿಗೆ ಕಡಿಮೆ ಹಾಕಿದ್ದಳು. ಕೆಂಡ ಬಾಡಿತ್ತು, ಮೇಲೆ ಬೂದಿಯ ಪೊರೆ ಬಂದಿತ್ತು. ದೇವರಾಜ ಕೈಯಲ್ಲಿ ನೀರು ಹಿಡಿದು ಸುತ್ತ ಬಿಟ್ಟ. ಫೂಲಿಬಾಯಿ ಬಾಯಿ ತೆರೆದಳು. ತೆರೆಯುವವರೆಗೆ ಹೆದರಿಕೆ ಇತ್ತು, ತೆರೆದ ಮೇಲೆ ಹೆಸರುಗಳು ತಾವಾಗಿ ಬಂದವು, ಕೊಟ್ಟಿಗೆಯ ಅಗಳಿ ತೆಗೆದರೆ ದನ ಒಂದರ ಹಿಂದೆ ಒಂದು ಬರುವಂತೆ. ಲಛಮಾ ಎಂದಳು, ಮಗ ಕೂಗಿ ಕರೆದು ತುಪ್ಪ ಬಿಟ್ಟ. ಧರ್ಮಾ. ಹೀರಾ. ಹೀರಾನ ತಮ್ಮ, ಹುಲಿ ಹಿಡಿದವನು, ಸೋಮ್ಲಾ. ಕಂಡಿಲ್ಲದವರು, ಮುಟ್ಟಿಲ್ಲದವರು, ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಹರೀಶ ತುಳಜಾಳ ಕಡೆ ನೋಡಿ ಹುಬ್ಬು ಏರಿಸಿದ. ಕೆಂಡ ಮಾತ್ರ ಏಳುತ್ತಿರಲಿಲ್ಲ. ತುಪ್ಪ ಬಿದ್ದಲ್ಲಿ ಚುಂಯ್ ಎಂದು ಹೊಗೆಯಾಗಿ ಸುಮ್ಮನಾಗುತ್ತಿತ್ತು. ಠಾಕ್ರುವನ್ನು ದೇವರಾಜ ತಾನೇ ಕರೆದ. ಇನ್ನೊಂದೇ. ಅವಳು ಮುಂದಕ್ಕೆ ಬಾಗಿ ಕಿವಿಯನ್ನು ಮಗನ ಬಾಯಿಯ ಕಡೆ ತಿರುಗಿಸಿದಳು. ಮೈಯೆಲ್ಲ ಕಿವಿಯಾಗಿ ಕೂತಳು.

ದೇವರಾಜ ಚಮಚ ಕೆಳಗಿಟ್ಟ. ತುಳಜಾಳನ್ನು ನೋಡಿದ, ಆಮೇಲೆ ತಾಯಿಯನ್ನು. ಅವನ ಕಣ್ಣಲ್ಲಿ ಚಿಕ್ಕಂದಿನಲ್ಲಿ ಶಾಲೆಯಿಂದ ಹೊಡೆತ ತಿಂದು ಬಂದು, ನೀ ಬಾ ಯಾಡಿ, ಬಂದು ಆ ಮಾಸ್ತರಿಗೆ ಹೇಳು ಎಂದು ಕೈ ಎಳೆಯುತ್ತಿದ್ದ ಹುಡುಗನ ನಂಬಿಕೆ ಇತ್ತು.

'ಇವತ್ತ ಬಾನ ಹೆಸರ ನೀನ ಕರಿ ಯಾಡಿ. ಎಲ್ಲಾರೂ ಕೇಳಲಿ. ಮುಗದ್ ಹೋಗಲಿ ಇದು.'

ಮಗ ಅವಳನ್ನು ಉಳಿಸಲು ಹೊರಟಿದ್ದ. ಉಳಿಸುವ ಜಾಗದಲ್ಲಿಯೇ ನೆಲ ಇರಲಿಲ್ಲ. ಫೂಲಿಬಾಯಿ ಬಾವಿಗೆ ಬಗ್ಗಿದಳು. ನೀರು. ಸೀಳಿದ ಕಿವಿ, ಹಳದಿ ಮೀಸೆ, ಭುಜ ಅಲುಗುತ್ತದೆ, ನಗುತ್ತಾನೆ, ಎಲ್ಲ ಇದೆ, ಹತ್ತಿರ ಬರುತ್ತಾನೆ, ಎದುರು ನಿಲ್ಲುತ್ತಾನೆ, ಕೈ ಚಾಚುತ್ತಾನೆ. ಎಲ್ಲರೂ ಕಾಯುತ್ತಿದ್ದರು. ತುಳಜಾ ನೆಲ ನೋಡುತ್ತಿದ್ದಳು. ಗೆದ್ದವಳ ಮುಖವಲ್ಲ ಅದು, ಸೋಲನ್ನು ನೋಡಬೇಕಾದವಳ ಮುಖ. ಅದೇ ಫೂಲಿಬಾಯಿಗೆ ತಡೆಯಲಾಗಲಿಲ್ಲ. ಕನಿಕರ. ಇವರ ಕನಿಕರಕ್ಕೆ ಬೆಂಕಿ ಬೀಳಲಿ. ಆಗ ಎಲೆಯ ಮೇಲಿನ ಬೀಡಿಯಲ್ಲಿ ಏನು ತಪ್ಪಿದೆ ಎಂಬುದು ಕಂಡಿತು. ಅವನ ಪಾಲು ಅರ್ಧ. ಇಡಿಯದನ್ನು ಅವನು ಯಾವತ್ತು ಸೇದಿದ್ದ. ಉಳಿದರ್ಧ ಯಾರದು.

ಅವಳು ಕೈ ಚಾಚಿ ಎಡೆಯಿಂದ ಬೀಡಿ ಎತ್ತಿಕೊಂಡಳು. ಕಾಕಿ ಎಂದ ಹರೀಶ, ಅವಳು ಸತ್ತವರ ಬಾಯಿಂದಲೇ ಕಿತ್ತುಕೊಂಡಳೋ ಎಂಬಂತೆ. ಅವಳು ಬಗ್ಗಿ, ಲಂಗದ ಘೇರನ್ನು ಎಡಗೈಯಲ್ಲಿ ಮಡಚಿ ತೊಡೆಯ ಕೆಳಗೆ ಒತ್ತಿ, ಒಂದು ಕೆಂಡಕ್ಕೆ ಬೀಡಿಯ ತುದಿ ಹಿಡಿದು ಎಳೆದಳು. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ.

'ಹೆಸರ ಹಿಡದು ಕರ್ಯಾಕ ನಾ ಅವನ ಅವ್ವ ಅಲ್ಲ. ಹೇಣತಿ. ನಾ ಅವನ್ನ ಹೆಂಗ ಕರೀತಿದ್ನೋ ಹಂಗ ಕರೀತೇನಿ. ಕೇಳಸ್ಕೋರಿ.'

ಇನ್ನೊಂದು ದಮ್ಮು ಎಳೆದಳು. ಕೆಮ್ಮಬೇಕೆಂದು ಕೆಮ್ಮಿದಳು, ಒಂದು ಗಿಡ್ಡ ಕೆಮ್ಮು, ಅದರ ಬಾಲಕ್ಕೆ ಇನ್ನೊಂದು. ಆದರೆ ಇಷ್ಟು ದಿನ ಹೊಗೆ ಕಾಣದ ಎದೆ ಅಷ್ಟಕ್ಕೇ ಬಿಡಲಿಲ್ಲ. ಮೂರನೆಯದು ಬಂತು, ನಾಲ್ಕನೆಯದು ಬಂತು, ಒಳಗಿನ ಜಂತಿ ಗೋಡೆ ಎಲ್ಲ ಅಲುಗಿ ಹೊರಗೆ ಬೀಳುವಂತೆ ಕೆಮ್ಮು ಅವಳನ್ನು ಹಿಡಿದು ಜಾಡಿಸಿತು. ಬಾಗಿದ ಬಾಯಿಯ ಉಸಿರು ಕೆಂಡದ ಬೂದಿಯನ್ನು ಹಾರಿಸಿತು. ಒಂದು ಕೆಂಡ ಟಕ್ ಎಂದು ಸೀಳಿತು. ಕೆಳಗೆ ಮಡುಗಟ್ಟಿದ್ದ ತುಪ್ಪಕ್ಕೆಲ್ಲ ಒಮ್ಮೆಗೇ ಉರಿ ತಗುಲಿ ಮೊಳದುದ್ದ ಜ್ವಾಲೆ ಎದ್ದಿತು. ಬಂದ, ಕಾಕಾ ಬಂದ ಎಂದು ಹರೀಶ ಕೈಮುಗಿದ. ದೇವರಾಜ ಗಡಬಡಿಸಿ ಚಮಚ ಎತ್ತಿ ತುಪ್ಪ ಬಿಟ್ಟ, ಕಣ್ಣಲ್ಲಿ ನೀರು ತುಂಬಿಕೊಂಡು ತಂದೆಯ ಹೆಸರನ್ನು ಕೂಗಿ ಕರೆದ. ಅವನ ತುಟಿ ಅಲುಗಿದ್ದನ್ನು ಫೂಲಿಬಾಯಿ ನೋಡಿದಳು. ಕೆಮ್ಮಿನ ಸದ್ದಿನಲ್ಲಿ ಹೆಸರು ಕೇಳಿಸಲಿಲ್ಲ.

ಕೆಮ್ಮು ನಿಂತಾಗ ಉರಿ ಇಳಿದಿತ್ತು. ಬೀಡಿ ಅರ್ಧವಾಗಿತ್ತು. ವರ್ಷಕ್ಕೊಮ್ಮೆ ಬರುವ ಮಾತು ಬಂದು ಹೋಯಿತು, ಬೀಡಿಯೇ ಅದನ್ನು ನುಂಗಿತು. ಆ ಮೀಸೆ ಬಲಿಯದ ಹುಡುಗ ಹೇಳಿದ್ದು ಇದನ್ನೇ ಇರಬೇಕು. ಅಳು ಬರಬೇಕಿತ್ತು. ಅದರ ಬದಲು ಎದೆಯ ಗೊರಗೊರದ ನಡುವಿನಿಂದ ಒಂದು ನಗು ಬಂತು, ಮೊದಲು ಭುಜ ಅಲುಗಿ ಆಮೇಲೆ ಬಾಯಿ ತೆರೆದು. ಟಕ್ ಎಂದದ್ದು ಅವಳಿಗೊಬ್ಬಳಿಗೇ ಕೇಳಿಸಿತ್ತು. ಉಳಿದರ್ಧ ಬೀಡಿಯನ್ನು, ಎಂಜಲಿಗೆ ಒದ್ದೆಯಾದ ತುದಿಯನ್ನು ಒಳಗೆ ಮಾಡಿ, ಕೆಂಡದ ಮೇಲೆ ಇಟ್ಟಳು. ತಗೋ. ಇಷ್ಟು ವರ್ಷ ನಿನ್ನ ಎಂಜಲು ನನಗೆ, ಈ ಸಲ ನನ್ನದು ನಿನಗೆ.

ದೇವರಾಜ ತಾಯಿಯ ಕಾಲು ಮುಟ್ಟಿದ. ಗೆದ್ದವನಂತೆ ಹೆಂಡತಿಯ ಕಡೆ ನೋಡಿದ. ತುಳಜಾ ಅವನನ್ನು ನೋಡಲಿಲ್ಲ, ಅತ್ತೆಯ ಕಣ್ಣನ್ನೇ ನೋಡುತ್ತಿದ್ದಳು. ಡಾಕ್ಟರನ ಕೋಣೆಯಲ್ಲಿ ನೋಡಿದ ಹಾಗೆಯೇ. ಇವಳನ್ನು ಮೋಸ ಮಾಡಲು ಆಗುವುದಿಲ್ಲ ಎಂಬುದು ಫೂಲಿಬಾಯಿಗೆ ತಿಳಿಯಿತು; ತಿಳಿದು ಯಾಕೋ ಮೈ ಹಗುರವಾಯಿತು. ಬಗ್ಗಿದಾಗ ಸೊಂಟದಿಂದ ಜಾರಿದ ಕಡ್ಡಿಪೆಟ್ಟಿಗೆ ಇಬ್ಬರ ನಡುವೆ ಬಿದ್ದಿತ್ತು. ತುಳಜಾ ಕೈ ಚಾಚುವ ಮೊದಲೇ ಫೂಲಿಬಾಯಿ ಅದನ್ನು ಎತ್ತಿಕೊಂಡಳು. ಸೊಸೆಯ ಬಲಗೈ ಹಿಡಿದು ಎಳೆದು, ಪೂರ್ತಿ ಬಿಚ್ಚದ ಆ ಗುಲಾಬಿ ಅಂಗೈಯನ್ನು ಮೊದಲ ಸಲ ನೆಟ್ಟ ಕಣ್ಣಿನಿಂದ ನೋಡಿ, ಕಡ್ಡಿಪೆಟ್ಟಿಗೆಯನ್ನು ಅದರೊಳಗೆ ಇಟ್ಟಳು. ಬೆರಳುಗಳನ್ನು ತಾನೇ ಮಡಚಿದಳು.

'ಈ ಕೈ ಸುಟ್ಟಾಕಿ ನಾ. ಬೆಂಕಿ ನಿನ್ನ ಕಡೆ ಇರಲಿ. ಈ ಮಣಿ ಮಾತ್ರ ಮುಂದಿನ ವರ್ಷನೂ ಇಲ್ಲೇ ಇರತೈತಿ, ಸರಿಸಿದ್ರ ನೋಡು. ಮತ್ತ ನಾ ಕೆಮ್ಮಿದ್ರ ಬಾ.'

'ಬೀಡಿ ತರಾಂಗಿಲ್ಲ ನಾನು.'

'ಬೀಡಿ ಯಾರ ಕೇಳಿದ್ರು. ನೀ ಬಾ ಅಂದೆ.'

ತುಳಜಾಳ ಮುಖ ಮೆತ್ತಗಾಗಲಿಲ್ಲ, ಸಿಟ್ಟೂ ಆಗಲಿಲ್ಲ. ಬಹಳ ದಿನದ ಮೇಲೆ ಅದು ಸುಮ್ಮನೆ ಒಂದು ಮುಖವಾಗಿತ್ತು. ಫೂಲಿಬಾಯಿ ಮಂಡಿಗೆ ಕೈ ಕೊಟ್ಟು ಎದ್ದಳು, ಯಾರೂ ಹಿಡಿಯಬಾರದೆಂದು ಬೇಗ ಎದ್ದಳು, ಜೋಲಿ ಹೊಡೆದು ಗೋಡೆ ಹಿಡಿದಳು. ಹೊಸಿಲ ಹತ್ತಿರ ಹೋದವಳು ತಿರುಗಿ ನಿಂತು, ತಿರುಗಿದ್ದು ಯಾಕೆಂದು ಮರೆತಂತೆ ಒಂದು ಗಳಿಗೆ ಕಣ್ಣು ಅಲೆಸಿದಳು. ಆಮೇಲೆ ನೆನಪು ಮತ್ತೆ ಸಿಕ್ಕಿತು.

'ಆ ಡಾಕ್ಟರ ಕಡೆ ಇನ್ನೊಮ್ಮಿ ಕರಕೊಂಡ ಹೋಗು. ಗಂಡನ ಹೆಸರ ಕೇಳಿದ್ರ ಈ ಸಲ ಕೆಮ್ಮಿ ತೋರಸ್ತೇನಿ. ಬರಕೊಳ್ಳಲಿ.'